ಅಪ್ಪನ ‘ಬಸ್ ಹತ್ತಿದೆ’ ಯಾವ ಫೋಲ್ಡರಿನಲ್ಲಿದೆ?

ಮನೆಗೆ ನೆಟ್‌ವರ್ಕ್ ಬ್ಯಾಕಪ್ ಡ್ರೈವ್ ತಗೋತಿದೀನಿ ಅಂದಾಗ ಆಫೀಸಿನ ಊಟದ ಟೇಬಲ್ ಸುತ್ತ ಪ್ರಶ್ನೆಗಳ ಸುರಿಮಳೆ. ಎಷ್ಟು ಟಿಬಿ? ಯಾವ ಬ್ರ್ಯಾಂಡು? ಒಂದು ಡಿಸ್ಕೋ ಎರಡೋ? ಕ್ಲೌಡ್ ಇರುವಾಗ ಈ ಉಸಾಬರಿ ಯಾಕೆ? ಅದರಲ್ಲಿ ಏನಿಡ್ತೀಯ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಅದನ್ನು ಕೇಳಿದ್ದು ನಮ್ಮಮ್ಮ. “ಅದರಲ್ಲಿ ನಿಮ್ಮಪ್ಪನ ಮಾತು ಇರುತ್ತಾ?”

ಡ್ರೈವನ್ನು ರೂಟರಿಗೆ ಜೋಡಿಸೋಕೆ ನನಗೆ ಒಂದು ಸಂಜೆ ಸಾಕಾಯಿತು. ಅಮ್ಮನ ಪ್ರಶ್ನೆಗೆ ‘ಹೂಂ’ ಅನ್ನೋಕೆ ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೀತಿದೀನಿ. ನಾನು ಕಂಪ್ಯೂಟರ್ ಇಂಜಿನಿಯರ್ ಅಲ್ಲ, ಲೆಕ್ಕಪತ್ರ ತಪಾಸಣೆ ಮಾಡುವವಳು. ಹಾಗಾಗಿ ಭಾಷೆಯೂ ಅಷ್ಟೇ ಸರಳ.

ಅಪ್ಪ ಹೋಗಿ ಮೂರು ವರ್ಷವಾಯಿತು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ನನ್ನ ಮಗಳು ಹುಟ್ಟಿದಾಗ ಅಮ್ಮ ಬಾಣಂತನಕ್ಕೆ ಅಂತ ಬೆಂಗಳೂರಿಗೆ ಬಂದವರು ಒಂದೂವರೆ ವರ್ಷ ಇಲ್ಲೇ ಉಳಿದರು. ಅಪ್ಪ ಅಂಗಡಿ ಬಿಟ್ಟು ಬರೋ ಹಾಗಿಲ್ಲ. ಶನಿವಾರ ಸಂಜೆ ಬಸ್ ಹತ್ತಿ ಬರೋದು, ಸೋಮವಾರ ಬೆಳಗಿನ ಜಾವ ವಾಪಸ್. ಟೈಪ್ ಮಾಡೋದು ಅವರಿಗೆ ಆಗದ ಕೆಲಸ, ಎಲ್ಲ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್. “ಬಸ್ ಹತ್ತಿದೆ.” “ಗುಬ್ಬಿ ದಾಟ್ತು, ಸೀಟು ಸಿಕ್ತು.” “ಇವತ್ತು ರೇಟು ಏರಿದೆ, ಆದರೆ ಮಾಲೇ ಇಲ್ಲ.” “ಮಗು ಹಾಲು ಕುಡೀತಾ?” ಒಂದೊಂದೂ ಐದು ಸೆಕೆಂಡು, ಹತ್ತು ಸೆಕೆಂಡು. ಹಿಂದೆ ಬಸ್ಸಿನ ಹಾರ್ನು, ಕಂಡಕ್ಟರಿನ ಸೀಟಿ. ದೊಡ್ಡ ಮಾತು ಒಂದೂ ಇಲ್ಲ. ಅಮ್ಮನ ಹತ್ತಿರ ಅಪ್ಪನ ದನಿ ಉಳಿದಿರೋದು ಅಷ್ಟೇ.

ತುಂಬಿದ ಫೋನು

ಅಮ್ಮನದು 64 ಜಿಬಿ ಫೋನು. ‘ಸ್ಟೋರೇಜ್ ಫುಲ್’ ಅನ್ನೋ ಸಂದೇಶ ಅದರಲ್ಲಿ ಕರೆಂಟ್ ಬಿಲ್‌ನಷ್ಟೇ ನಿಯಮಿತ. ಭಾನುವಾರ ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು ಡಿಲೀಟ್ ಮಾಡೋಕೆ ಕೂರೋರು. ಮೊದಲು ಶುಭೋದಯದ ಹೂಗಳು ಹೋದವು. ಆಮೇಲೆ ಸಂಘದ ಪ್ರವಾಸದ ವಿಡಿಯೊ, ನೆಂಟರ ಮದುವೆಯ ಫೋಟೊ. ಮೊಮ್ಮಗಳ ಒಂದೇ ಥರದ ಹತ್ತು ಫೋಟೊದಲ್ಲಿ ಒಂಬತ್ತು ಹೋದವು. ಒಂದು ಭಾನುವಾರ ನನ್ನನ್ನು ಕರೆದು, “ಇನ್ನು ಅಳಿಸೋಕೆ ಉಳಿದಿರೋದು ಬೇಕಾದ್ದೇ ನೋಡು” ಅಂದರು.

ಕ್ಲೌಡ್ ಇದೆಯಲ್ಲ ಅನ್ನೋದು ಸಹಜ. ಇತ್ತು, ಇದೆ ಕೂಡ. ಗೂಗಲ್ ಫೋಟೋಸ್‌ನಲ್ಲಿ ಉತ್ತಮ ಗುಣಮಟ್ಟದ ಫೋಟೊಗಳಿಗೆ ಮಿತಿಯೇ ಇಲ್ಲದ ಉಚಿತ ಜಾಗ ಇದ್ದ ಕಾಲ ನಿಮಗೂ ನೆನಪಿರಬಹುದು. ಅದು 2021ರ ಜೂನ್ 1ಕ್ಕೆ ಮುಗಿಯಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ. 2024ರಿಂದೀಚೆಗೆ ಆ್ಯಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಅದೇ 15 ಜಿಬಿಯಲ್ಲಿ ಪಾಲು ಕೇಳುತ್ತೆ. ದುಡ್ಡು ಕೊಟ್ಟರೆ ಜಾಗ ಸಿಗುತ್ತೆ, ಕೊಡೋದರಲ್ಲಿ ತಪ್ಪೇನೂ ಇಲ್ಲ. ನಮ್ಮ ಮನೆಯಲ್ಲಿ ನಾಲ್ಕು ಫೋನು, ಎರಡು ಲ್ಯಾಪ್‌ಟಾಪು, ಗಂಡನ ಕ್ಯಾಮೆರಾ ಎಲ್ಲ ಸೇರಿ 400 ಜಿಬಿ ಹತ್ತಿರ ಆಗಿತ್ತು. ಅದು ವರ್ಷವರ್ಷ ಬೆಳೆಯುತ್ತೆ, ಬಾಡಿಗೆಯೂ ಬೆಳೆಯುತ್ತೆ. ಮನೆಯಲ್ಲೇ ಒಂದು ಉಗ್ರಾಣ ಇರಲಿ ಅನ್ನಿಸಿತು.

ಹೀಗೆ ಬಂದಿದ್ದು ಈ ಡಬ್ಬಿ. ಎರಡು ಡಿಸ್ಕ್ ಸೇರಿ ಒಂದು ಒಳ್ಳೆ ಫೋನಿನ ಬೆಲೆ. ಅಷ್ಟು ಬೇಡ ಅನ್ನೋರಿಗೆ, ಕೆಲವು ರೂಟರುಗಳ ಹಿಂದೆ ಯುಎಸ್‌ಬಿ ಕಿಂಡಿ ಇರುತ್ತೆ. ಅದಕ್ಕೆ ಸಾಮಾನ್ಯ ಪೋರ್ಟಬಲ್ ಡಿಸ್ಕ್ ಚುಚ್ಚಿದರೂ ಬಡವರ ಬಾದಾಮಿಯ ಹಾಗೆ ಕೆಲಸ ನಡೆಯುತ್ತೆ.

ಡಬ್ಬಿಯೊಳಗೆ ಏನಿದೆ?

ಸಾಮಾನ್ಯ ಪೋರ್ಟಬಲ್ ಹಾರ್ಡ್ ಡಿಸ್ಕಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ. ಅದನ್ನು ನಾವು ನೆನಪಿಟ್ಟುಕೊಂಡು ಲ್ಯಾಪ್‌ಟಾಪಿಗೆ ಚುಚ್ಚಬೇಕು. ಇದು ರೂಟರಿನ ಪಕ್ಕ ಸದಾ ಎದ್ದಿರುತ್ತೆ, ರಾತ್ರಿ ಫೋನುಗಳೇ ಅದರ ಹತ್ತಿರ ಹೋಗಿ ದಿನದ ಗಂಟು ಇಳಿಸಿ ಬರುತ್ತವೆ. ಗಾತ್ರ ಬೇಳೆ ತುಂಬುವ ಸ್ಟೀಲ್ ಡಬ್ಬಿಯಷ್ಟು. ಸ್ಕ್ರೀನಿಲ್ಲ, ಕೀಬೋರ್ಡಿಲ್ಲ. ಆದರೂ ಒಳಗಿರೋದು ಪೂರ್ತಿ ಒಂದು ಕಂಪ್ಯೂಟರೇ, ಹೆಚ್ಚಿನವು ಲಿನಕ್ಸ್ ಮೇಲೆ ನಡೆಯುತ್ತವೆ. ಮೊದಲ ಸಲ ಲ್ಯಾಪ್‌ಟಾಪಿನ ಬ್ರೌಸರ್‌ನಿಂದ ಅದರೊಳಗೆ ಹೋಗಿ ಹೆಸರು, ಪಾಸ್‌ವರ್ಡ್ ಕೊಟ್ಟರೆ ಮುಂದಿನದನ್ನು ಅದೇ ಕೇಳಿಕೊಂಡು ಹೋಗುತ್ತೆ.

ಲೆಕ್ಕದವಳಾಗಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು, ಡಿಸ್ಕಿನ ಮೇಲೆ 4 ಟಿಬಿ ಅಂತ ಬರೆದಿದ್ದರೂ ಒಳಗೆ 3.63 ಅಂತ ತೋರಿಸಿದ್ದು. ಯಾರೂ ತೂಕದಲ್ಲಿ ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ. ಇರೋದು ಅದೇ 4 ಲಕ್ಷ ಕೋಟಿ ಬೈಟು. ಸೇರಿನಲ್ಲಿ ಅಳೆದ ಅಕ್ಕಿಯನ್ನೇ ಕೆಜಿಯಲ್ಲಿ ತೂಗಿದ ಹಾಗೆ.

ಇದಕ್ಕೆ ವೈಫೈ ಬೇಡ, ತಂತಿಯೇ ಒಳ್ಳೇದು. ಡಬ್ಬಿಯ ಹಿಂದಿನ ಕಿಂಡಿಯಿಂದ ರೂಟರಿನ ‘ಲ್ಯಾನ್’ ಅಂತ ಬರೆದಿರುವ ಕಿಂಡಿಗೆ ಒಂದು ಈಥರ್ನೆಟ್ ಕೇಬಲ್. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಕೇಬಲ್ ಕ್ಯಾಟ್ 5ಇ ಅಥವಾ ಕ್ಯಾಟ್ 6 ಇರಬೇಕು, ರೂಟರಿನ ಕಿಂಡಿ ಗಿಗಾಬಿಟ್ ಇರಬೇಕು. ಒಳಗಿನ ಎಂಟು ತಂತಿಯಲ್ಲಿ ನಾಲ್ಕೇ ಜೋಡಿಸಿರುವ ಕೇಬಲ್ಲಾದರೆ ವೇಗ 100 ಎಂಬಿಪಿಎಸ್‌ಗೆ ಇಳಿಯುತ್ತೆ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋದರೆ, 100ರಲ್ಲಿ ಸುಮಾರು 11. ನಮ್ಮ 400 ಜಿಬಿಯನ್ನು ಲ್ಯಾಪ್‌ಟಾಪಿನಿಂದ ತಂತಿಯಲ್ಲೇ ಕಳಿಸಿದರೂ ಒಂದರಲ್ಲಿ ಒಂದು ಗಂಟೆಯ ಕೆಲಸ, ಇನ್ನೊಂದರಲ್ಲಿ ಹತ್ತು ಗಂಟೆಯ ಕೆಲಸ. ಕೇಬಲ್ ಬದಲಿಸೋದು ಊಟ ಮಾಡಿದಷ್ಟೇ ಸುಲಭ, ಬದಲಿಸಬೇಕು ಅಂತ ಗೊತ್ತಿರಬೇಕಷ್ಟೆ.

ಒಂದು ಮನೆ, ಎರಡು ವಠಾರ

ನನ್ನ ಫೋನಿಗೆ ಡಬ್ಬಿ ಕೂಡಲೇ ಸಿಕ್ಕಿತು. ಗಂಡನ ಫೋನಿಗೂ ಸಿಕ್ಕಿತು. ಅಮ್ಮನ ಫೋನು ಮಾತ್ರ ‘ಡಿವೈಸ್ ಸಿಗುತ್ತಿಲ್ಲ’ ಅಂತ ಹಟ ಹಿಡಿದು ಕೂತಿತು. ಅದೇ ಆ್ಯಪ್, ಅದೇ ಮನೆ. ಇಂಟರ್ನೆಟ್ ಚೆನ್ನಾಗೇ ಬರ್ತಿದೆ. “ನನ್ನ ಫೋನಿಗೆ ವಯಸ್ಸಾಯ್ತು ಬಿಡು” ಅಂತ ಅಮ್ಮ ಎದ್ದುಹೋದರು.

ಫೋನಿಗೆ ವಯಸ್ಸಾಗಿರಲಿಲ್ಲ. ನಮ್ಮದು ಬಹಳ ಮನೆಗಳಲ್ಲಿ ಇರುವಂಥದ್ದೇ ವ್ಯವಸ್ಥೆ. ಹಾಲ್‌ನಲ್ಲಿ ಫೈಬರ್ ಕಂಪನಿಯವರ ಡಬ್ಬಿ, ಅದಕ್ಕೊಂದು ವೈಫೈ. ಹಿಂದಿನ ರೂಮುಗಳಿಗೆ ಸಿಗ್ನಲ್ ಸಾಲದು ಅಂತ ಟೆಕ್ನಿಶಿಯನ್ ಬಂದು ಇನ್ನೊಂದು ರೂಟರ್ ಜೋಡಿಸಿ ಹೋಗಿದ್ದರು, ಅದಕ್ಕೆ ಇನ್ನೊಂದು ವೈಫೈ. ಇಂಟರ್ನೆಟ್ ನೋಡೋಕೆ ಎರಡೂ ಒಂದೇ. ಆದರೆ ಮನೆಯೊಳಗಿನ ಲೆಕ್ಕದಲ್ಲಿ ಅವು ಎರಡು ಬೇರೆ ವಠಾರಗಳು.

ರೂಟರ್ ಅನ್ನೋದು ವಠಾರದ ಮಾಲೀಕ ಇದ್ದ ಹಾಗೆ. ಬಂದವರಿಗೆಲ್ಲ ಒಂದೊಂದು ಮನೆ ನಂಬರ್ ಕೊಡ್ತಾನೆ, ಅದೇ ಐಪಿ ವಿಳಾಸ. ಹಾಲ್‌ನ ಮಾಲೀಕ ಕೊಡ್ತಿದ್ದ ನಂಬರುಗಳು 192.168.1ರಿಂದ ಶುರು, ಒಳಗಿನ ಮಾಲೀಕನದು 192.168.0ರಿಂದ. ನಮ್ಮ ಬ್ಯಾಕಪ್ ಡಬ್ಬಿ ಇದ್ದದ್ದು ಒಳಗಿನ ವಠಾರದಲ್ಲಿ. ಅಮ್ಮನ ರೂಮು ಹಾಲ್‌ಗೆ ಹತ್ತಿರ, ಫೋನು ಹೊರಗಿನ ವಠಾರದ್ದು. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಕೇಳದೆ ಒಳಗೆ ಬರುವಂತಿಲ್ಲ. ಇದು ರೂಟರಿನ ತಪ್ಪಲ್ಲ, ಅದರ ಕೆಲಸವೇ ಬಾಗಿಲು ಕಾಯೋದು.

ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಕಂಡುಹಿಡಿಯೋದು ಸುಲಭ. ಎರಡು ಫೋನಿನ ವೈಫೈ ಸೆಟ್ಟಿಂಗ್ಸ್ ತೆಗೆದು ಐಪಿ ವಿಳಾಸ ನೋಡಿ. ಮೊದಲ ಮೂರು ಭಾಗ ಬೇರೆ ಬೇರೆ ಇದ್ದರೆ ಎರಡು ವಠಾರ ಇದೆ ಅಂತಲೇ ಅರ್ಥ. ‘ಗೆಸ್ಟ್’ ಅಂತ ಬೇರೆ ವೈಫೈ ಇಟ್ಟಿದ್ದರೆ ಅದರಲ್ಲಿರುವ ಫೋನಿಗೂ ಡಬ್ಬಿ ಕಾಣೋದಿಲ್ಲ. ಪರಿಹಾರವೂ ಸುಲಭ. ಒಳಗಿನ ರೂಟರಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಅಂತ ಇರುತ್ತೆ. ಅದನ್ನು ಆರಿಸಿದರೆ ಅದು ಮಾಲೀಕನ ಪಟ್ಟ ಬಿಟ್ಟು ಬರೀ ಸಿಗ್ನಲ್ ಹಂಚುವ ಕೆಲಸ ಮಾಡುತ್ತೆ. ನಂಬರ್ ಕೊಡೋದು ಒಬ್ಬನೇ ಆಗ್ತಾನೆ. ನಾನು ಹಾಗೆ ಮಾಡಿದ ಐದು ನಿಮಿಷಕ್ಕೆ ಅಮ್ಮನ ಫೋನು ಡಬ್ಬಿಯನ್ನು ಗುರುತು ಹಿಡಿಯಿತು.

ಇನ್ನೊಂದು ಮಾತು. ಕರೆಂಟ್ ಹೋಗಿ ಬಂದಾಗ ಮಾಲೀಕ ನಂಬರುಗಳನ್ನು ಬದಲಿಸಿಬಿಡಬಹುದು. ಉಗ್ರಾಣದ ವಿಳಾಸವೇ ಬದಲಾದರೆ ಹುಡುಕೋರಿಗೆ ಕಷ್ಟ. ಅದಕ್ಕೆ ರೂಟರಿನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತ ಹುಡುಕಿ, ಡಬ್ಬಿಗೆ ಒಂದು ನಂಬರ್ ಕಾಯಂ ಮಾಡಿ. ಜೊತೆಗೆ ಒಂದು ಸಣ್ಣ ಯುಪಿಎಸ್ ಇರಲಿ. ಡಿಸ್ಕ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲುಗಳು ಕೆಡಬಹುದು. ಯುಪಿಎಸ್‌ನಿಂದ ಡಬ್ಬಿಗೆ ಯುಎಸ್‌ಬಿ ತಂತಿ ಎಳೆಯೋ ಸೌಲಭ್ಯ ಇದ್ದರೆ ಬ್ಯಾಟರಿ ಮುಗಿಯೋ ಮೊದಲು ಡಬ್ಬಿ ತಾನೇ ಅಚ್ಚುಕಟ್ಟಾಗಿ ಮಲಗುತ್ತೆ.

ಗ್ಯಾಲರಿಯಲ್ಲಿ ಕಾಣದ್ದು

ಎರಡು ರಾತ್ರಿಯಲ್ಲಿ ಅಮ್ಮನ ಫೋಟೊಗಳೆಲ್ಲ ಡಬ್ಬಿ ಸೇರಿದವು. ಆ್ಯಪ್‌ನಲ್ಲಿ ಹಸಿರು ಗುರುತು ಬಂತು, ‘ಬ್ಯಾಕಪ್ ಪೂರ್ಣಗೊಂಡಿದೆ’. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಮ್ಮ ತಮ್ಮ ಪ್ರಶ್ನೆಯನ್ನು ಮರೆತಿರಲಿಲ್ಲ. “ಎಲ್ಲಿ, ಅಪ್ಪನ ಮಾತು ತೋರಿಸು.”

ಇರಲಿಲ್ಲ. ಫೋಟೊ ಬ್ಯಾಕಪ್ ಆ್ಯಪ್‌ಗಳು ನೋಡೋದು ಫೋಟೊ, ವಿಡಿಯೊ ಇರುವ ಫೋಲ್ಡರುಗಳನ್ನು. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜುಗಳು ಗ್ಯಾಲರಿಯಲ್ಲಿ ಕಾಣೋದೇ ಇಲ್ಲ. ಅವು ಆ್ಯಂಡ್ರಾಯ್ಡ್ ಫೋನಿನ ಫೈಲ್ ಮ್ಯಾನೇಜರಿನಲ್ಲಿ ಆಳವಾಗಿ, ವಾಟ್ಸ್‌ಆ್ಯಪ್‌ನ ‘ಮೀಡಿಯಾ’ ಒಳಗೆ ‘ವಾಟ್ಸ್‌ಆ್ಯಪ್ ವಾಯ್ಸ್ ನೋಟ್ಸ್’ ಅನ್ನೋ ಫೋಲ್ಡರಿನಲ್ಲಿ ವಾರವಾರಕ್ಕೆ ಬೇರೆ ಬೇರೆ ಚೀಲ ಕಟ್ಟಿಕೊಂಡು ಕೂತಿರುತ್ತವೆ. ಹೆಸರು ‘ಪಿಟಿಟಿ’ ಅಂತ ಶುರುವಾಗಿ ತಾರೀಖು, ಒಂದು ಕ್ರಮಸಂಖ್ಯೆ, ಕೊನೆಗೆ ‘ಓಪಸ್’. ಯಾರ ದನಿ ಅಂತ ಫೈಲಿನ ಮೇಲೆ ಬರೆದಿರೋದಿಲ್ಲ. ಅಪ್ಪನ ‘ಬಸ್ ಹತ್ತಿದೆ’ಯೂ ಗ್ಯಾಸ್ ತರುವವರ ‘ಮನೇಲಿದೀರಾ ಮೇಡಂ’ ಕೂಡ ಪಕ್ಕಪಕ್ಕದಲ್ಲಿ, ನೋಡೋಕೆ ಒಂದೇ ಥರ.

ಫೋಲ್ಡರನ್ನೇ ನಕಲು ಮಾಡುವ ಇನ್ನೊಂದು ಆ್ಯಪ್ ಹಾಕಿ ಇಡೀ ಚೀಲಗಳನ್ನು ಡಬ್ಬಿಗೆ ಸಾಗಿಸಿದೆ. ಆಮೇಲೆ ಅಪ್ಪನ ಚಾಟ್ ತೆಗೆದು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿದೆ. ಇದರಿಂದ ಬರುವ ಪಠ್ಯದ ಫೈಲಿನಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಯಾವ ಫೈಲ್ ಕಳಿಸಿದರು ಅಂತ ಸಾಲುಸಾಲಾಗಿ ಇರುತ್ತೆ. ತೀರಾ ಉದ್ದದ ಚಾಟ್ ಆದರೆ ಪೂರ್ತಿ ಬರೋದಿಲ್ಲ. ನಮ್ಮದು ಬಂತು. ನನಗೆ ಇದು ಪರಿಚಿತ ಕೆಲಸ, ಲೆಡ್ಜರಿಗೂ ವೋಚರಿಗೂ ತಾಳೆ ನೋಡೋದು. ಪ್ರತಿ ರಾತ್ರಿ ಮಗಳು ಮಲಗಿದ ಮೇಲೆ ಅರ್ಧ ಗಂಟೆ ಕೂತೆವು. ನಾನು ಫೈಲ್ ಹುಡುಕೋದು, ಅಮ್ಮ ಕೇಳಿ ಖಾತ್ರಿ ಮಾಡೋದು. ಕೆಲವನ್ನು ಒಂದೇ ಸಲ ಕೇಳಿ ಮುಂದೆ ಹೋಗ್ತಿದ್ದರು. ಕೆಲವನ್ನು ಕೇಳಿ, “ಅವತ್ತು ಮಳೆ, ಬಸ್ಸು ನೆಲಮಂಗಲದಲ್ಲಿ ನಿಂತುಬಿಟ್ಟಿತ್ತು” ಅಂತ ಕಥೆ ಹೇಳ್ತಿದ್ದರು. ಆ ಕಥೆ ಯಾವ ಫೈಲಿನಲ್ಲೂ ಇಲ್ಲ.

ಕೊನೆಯ ಲೆಕ್ಕ ಹೀಗಿತ್ತು. ಪಟ್ಟಿಯಲ್ಲಿ 231, ಕೈಗೆ ಸಿಕ್ಕಿದ್ದು 214. ಹದಿನೇಳು ಇಲ್ಲ. ಹಿಂದೊಮ್ಮೆ ಫೋನ್ ನಿಧಾನ ಅಂತ ಅಂಗಡಿಯಲ್ಲಿ ಕೊಟ್ಟಾಗ ‘ಕ್ಲೀನ್’ ಆಗಿರಬೇಕು ಅಂತ ಅಮ್ಮನ ಊಹೆ. ಹದಿನೇಳರ ತಾರೀಖುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ಯಾಕೆ ಅಂತ ನಾನು ಕೇಳಲಿಲ್ಲ.

ಸಿಕ್ಕ 214ರ ಒಟ್ಟು ಅವಧಿ 31 ನಿಮಿಷ. ಗಾತ್ರ ಆರು ಎಂಬಿಯೂ ಇಲ್ಲ. ನನ್ನ ಗಂಡನ ಕ್ಯಾಮೆರಾದ ಒಂದೇ ಒಂದು ಫೋಟೊ ಅದಕ್ಕಿಂತ ದೊಡ್ಡದು. ಎಷ್ಟು ಟಿಬಿ ಅಂತ ಕೇಳುವ ಮೊದಲು ಮನೆಯವರನ್ನು ಕೂರಿಸಿ ‘ನಿಮಗೆ ಏನು ಉಳೀಬೇಕು’ ಅಂತ ಕೇಳಬೇಕು ಅನ್ನೋದು ನನಗೆ ಅರ್ಥವಾಗಿದ್ದು ಆಗ. ಯಂತ್ರ ‘ಯಾವ ಫೋಲ್ಡರ್?’ ಅಂತ ಮಾತ್ರ ಕೇಳುತ್ತೆ. ಆ ಪ್ರಶ್ನೆಗೆ ಉತ್ತರ ಇರೋದು ಮನೆಯವರ ಹತ್ತಿರ.

ಕನ್ನಡಿ ಬೇರೆ, ಪ್ರತಿ ಬೇರೆ

ನಮ್ಮ ಡಬ್ಬಿಯಲ್ಲಿ ಎರಡು ಡಿಸ್ಕ್ ಇದೆ ಅಂದೆನಲ್ಲ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಕ್ಷಣ ಬರೆಯಲ್ಪಡುತ್ತೆ. ಇದಕ್ಕೆ ರೇಯ್ಡ್ 1 ಅಂತಾರೆ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರಿಂದ ಕೆಲಸ ನಡೆಯುತ್ತೆ. ಆದರೆ ಇದು ಕನ್ನಡಿ. ಮಗಳು ಲ್ಯಾಪ್‌ಟಾಪಿನಲ್ಲಿ ಆಟವಾಡುತ್ತಾ ಒಂದು ಫೋಲ್ಡರ್ ಅಳಿಸಿದರೆ ಕನ್ನಡಿಯಲ್ಲೂ ಅಳಿಯುತ್ತೆ. ಕಳ್ಳ ಡಬ್ಬಿ ಹೊತ್ತೊಯ್ದರೆ ಎರಡೂ ಹೋದವು.

ಅದಕ್ಕೇ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ನಮಗೆ ಇದೇನೂ ಹೊಸ ವಿದ್ಯೆ ಅಲ್ಲ. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ತಾಳೆಗರಿಯಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೇವಲ್ಲ. ಓಲೆಗೆ ಗೆದ್ದಲು ಹಿಡಿಯುತ್ತೆ, ಮನೆಗೆ ಬೆಂಕಿ ಬೀಳುತ್ತೆ ಅಂತ ಆಕೆಯ ಕಾಲದವರಿಗೂ ಗೊತ್ತಿತ್ತು. ಸಾವಿರ ಮನೆಗೆ ಒಟ್ಟಿಗೇ ಬೆಂಕಿ ಬೀಳೋದಿಲ್ಲ.

ನಮ್ಮ ಮನೆಯ ಸೂತ್ರ ಯುಗಾದಿ-ದೀಪಾವಳಿ. ಒಂದು ಪೋರ್ಟಬಲ್ ಡಿಸ್ಕಿಗೆ ಡಬ್ಬಿಯಲ್ಲಿರೋದನ್ನೆಲ್ಲ ಗೂಢಲಿಪಿ ಮಾಡಿ ನಕಲು ಮಾಡೋದು, ಮೈಸೂರಿನ ಅಕ್ಕನ ಮನೆಗೆ ಹೋಳಿಗೆ ಜೊತೆ ತಗೊಂಡು ಹೋಗೋದು, ಅಲ್ಲಿರುವ ಹಳೆಯ ಡಿಸ್ಕನ್ನು ವಾಪಸ್ ತರೋದು. ಕ್ಯಾಲೆಂಡರಿನಲ್ಲಿ ರಿಮೈಂಡರ್ ಬೇಡ, ಹಬ್ಬ ತಾನೇ ನೆನಪಿಸುತ್ತೆ.

ಡಬ್ಬಿಯನ್ನು ಹೊರಗಿನಿಂದ, ಆಫೀಸಿನಿಂದಲೂ ನೋಡೋ ಆಸೆ ಎಲ್ಲರಿಗೂ ಬರುತ್ತೆ. ಆ ಬಾಗಿಲನ್ನು ಯೋಚಿಸಿ ತೆಗೆಯಿರಿ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಡ್ರೈವ್ ಇದ್ದ ಜಗತ್ತಿನ ಎಷ್ಟೋ ಮನೆಗಳಲ್ಲಿ ಬೆಳಗೆದ್ದು ನೋಡಿದರೆ ಡಿಸ್ಕ್ ಖಾಲಿ. ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಡ್ರೈವುಗಳನ್ನು ದೂರದಿಂದಲೇ ಯಾರೋ ಅಳಿಸಿದ್ದರು. ಆ ಮಾದರಿಗೆ ಸಾಫ್ಟ್‌ವೇರ್ ಅಪ್‌ಡೇಟ್ 2015ಕ್ಕೇ ನಿಂತಿತ್ತು. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಅನ್ನೋ ರ್‍ಯಾನ್ಸಮ್‌ವೇರ್ ಕ್ಯೂನ್ಯಾಪ್ ಡ್ರೈವುಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ಕೇಳಿತು. ನಾನು ರೂಟರಿನಲ್ಲಿ ‘ಯುಪಿಎನ್‌ಪಿ’ ಆರಿಸಿದೆ, ಯಾವ ಪೋರ್ಟನ್ನೂ ಹೊರಕ್ಕೆ ತೆಗೆದಿಲ್ಲ. ಅಪ್‌ಡೇಟ್ ತಾನಾಗೇ ಆಗುವ ಹಾಗೆ ಬಿಟ್ಟಿದ್ದೇನೆ. ನಮ್ಮ ಡಬ್ಬಿ ಮನೆಯೊಳಗೆ ಮಾತ್ರ ಮಾತಾಡುತ್ತೆ. ಹೊರಗಿನಿಂದ ನೋಡಲೇಬೇಕು ಅಂದ್ರೆ ವಿಪಿಎನ್ ದಾರಿ ಇದೆ, ಅದು ಬೀಗ ಇರುವ ಬಾಗಿಲು.

ದಾಸ್ತಾನು ಎಣಿಸಿ ನೋಡೋದು

ನಮ್ಮ ವೃತ್ತಿಯಲ್ಲಿ ಪುಸ್ತಕದಲ್ಲಿ ಬರೆದ ದಾಸ್ತಾನನ್ನು ಹಾಗೇ ನಂಬೋದಿಲ್ಲ. ಗೋದಾಮಿಗೆ ಹೋಗಿ ಮೂಟೆ ಎಣಿಸಬೇಕು. ಬ್ಯಾಕಪ್ಪಿಗೂ ಅದೇ ನಿಯಮ. ಹಸಿರು ಗುರುತು ಅನ್ನೋದು ಪುಸ್ತಕದ ಲೆಕ್ಕ. ವಾಪಸ್ ತೆಗೆದು ನೋಡಿದಾಗಲೇ ಗೋದಾಮಿನ ಲೆಕ್ಕ.

1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಬ್ಯಾಕಪ್ ಇತ್ತು. ತೆಗೆದು ನೋಡಿದರೆ ಅದು ಸರಿಯಾಗಿ ಕೆಲಸವೇ ಮಾಡುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರ್. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ಆಕೆಯ ಹತ್ತಿರ ಒಂದು ಪ್ರತಿ ಉಳಿದಿತ್ತು. ಅಷ್ಟು ದೊಡ್ಡ ಸ್ಟುಡಿಯೊದಲ್ಲೇ ತೆಗೆದು ನೋಡುವವರೆಗೆ ಗೊತ್ತಾಗಲಿಲ್ಲ ಅಂದ್ರೆ ನಮ್ಮ ಪಾಡೇನು?

ಆದ್ದರಿಂದ ಮೂರು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಹತ್ತು ಫೈಲ್ ಆರಿಸಿ, ಬೇರೆ ಫೋನಿಗೆ ಇಳಿಸಿ, ತೆರೆದು ನೋಡ್ತೇನೆ. ಓಪಸ್ ಫೈಲುಗಳು ವಿಎಲ್‌ಸಿ ಪ್ಲೇಯರಿನಲ್ಲಿ ಆರಾಮಾಗಿ ಓಡುತ್ತವೆ. ಮೊದಲ ಸಲ ಈ ಪರೀಕ್ಷೆ ಮಾಡಿದಾಗ ಒಂದು ಫೋನು ಎರಡು ವಾರದಿಂದ ಏನೂ ಕಳಿಸಿಲ್ಲ ಅಂತ ಗೊತ್ತಾಯಿತು. ಬ್ಯಾಟರಿ ಉಳಿಸೋಕೆ ಫೋನು ತಾನೇ ಬ್ಯಾಕಪ್ ಆ್ಯಪನ್ನು ಮಲಗಿಸುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಮಾತ್ರ ಬ್ಯಾಟರಿ ನಿರ್ಬಂಧ ತೆಗೆದರೆ ಸರಿಹೋಗುತ್ತೆ. ಐಫೋನ್ ಆದರೆ ವಾರಕ್ಕೊಮ್ಮೆ ಆ್ಯಪನ್ನು ತೆರೆದಿಡೋದು ಒಳ್ಳೇದು.

ಬೀಗದ ಕೈ ಯಾರ ಹತ್ತಿರ?

ಅಪ್ಪನ ಫೋನು ಈಗಲೂ ನಮ್ಮ ಬೀರುವಿನಲ್ಲಿದೆ. ಚಾರ್ಜ್ ಮಾಡಿದರೆ ಆನ್ ಆಗುತ್ತೆ. ಗೋಡೆಯ ಮೇಲೆ ತೋಟದ ಚಿತ್ರ ಬರುತ್ತೆ, ಆಮೇಲೆ ಪಿನ್ ಕೇಳುತ್ತೆ. ಪಿನ್ ಅಪ್ಪನಿಗೆ ಮಾತ್ರ ಗೊತ್ತಿತ್ತು. ರಿಪೇರಿಯವರು ಹೇಳಿದ್ದು ಒಂದೇ, ರೀಸೆಟ್ ಮಾಡಬಹುದು, ಒಳಗಿರೋದು ಸಿಗೋದಿಲ್ಲ. ಈಗಿನ ಫೋನುಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಇರೋದರಿಂದ ಅವರ ಮಾತು ಸರಿ. ಅಪ್ಪ ತೆಗೆದ ಫೋಟೊಗಳು, ಬರೆದಿಟ್ಟ ಸಾಲಸೋಲದ ಲೆಕ್ಕ, ಅಮ್ಮ ಕಳಿಸಿದ ಉತ್ತರಗಳು ಎಲ್ಲ ಅದರೊಳಗೆ ಸುರಕ್ಷಿತವಾಗಿವೆ. ಯಾರಿಗೂ ಸಿಗದಷ್ಟು ಸುರಕ್ಷಿತ.

ಬ್ಯಾಕಪ್ ಡಬ್ಬಿಯನ್ನೂ ಹಾಗೇ ಮಾಡಿಬಿಡೋದು ಬಹಳ ಸುಲಭ. ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಪಾಸ್‌ವರ್ಡು, ಒಬ್ಬರ ಫೋನಿಗೆ ಮಾತ್ರ ಬರುವ ಒಟಿಪಿ. ಅವರಿಗೇನಾದರೂ ಆದರೆ 4 ಟಿಬಿಯೂ ಬೀರುವಿನ ಇನ್ನೊಂದು ಫೋನು. ಅದಕ್ಕೆ ಹಾಳೆಯ ಮೇಲೆ, ಪೆನ್ನಿನಲ್ಲಿ, ಕನ್ನಡದಲ್ಲಿ ಎರಡು ಪುಟ ಬರೆದೆ. ಡಬ್ಬಿ ಎಲ್ಲಿದೆ, ಯಾವ ವಿಳಾಸದಲ್ಲಿ ತೆರೆಯಬೇಕು, ಪಾಸ್‌ವರ್ಡ್ ಏನು, ಫೋನ್ ಇಲ್ಲದಿದ್ದರೆ ಬಳಸುವ ರಿಕವರಿ ಕೋಡ್ ಯಾವುದು, ಮೈಸೂರಿನ ಡಿಸ್ಕಿನ ಗೂಢಲಿಪಿಯ ಕೀಲಿ ಏನು. ಒಂದು ಪ್ರತಿ ಎಲ್‌ಐಸಿ ಬಾಂಡು, ಮನೆಪತ್ರದ ಜೊತೆ. ಇನ್ನೊಂದು ಮುಚ್ಚಿದ ಲಕೋಟೆಯಲ್ಲಿ ಅಕ್ಕನ ಹತ್ತಿರ. ಬರೆದದ್ದನ್ನು ಗಂಡನ ಕೈಗೆ ಕೊಟ್ಟು, ನಾನು ಅಡುಗೆಮನೆಗೆ ಹೋಗಿ, “ನನ್ನನ್ನು ಕೇಳದೆ ಅಪ್ಪನ ಒಂದು ಮೆಸೇಜ್ ತೆಗೆದು ಕೇಳಿಸಿ” ಅಂದೆ. ಎರಡು ಕಡೆ ತಡವರಿಸಿದರು. ಆ ಎರಡು ಸಾಲನ್ನು ಇನ್ನಷ್ಟು ಬಿಡಿಸಿ ಬರೆದೆ.

ಕ್ಲೌಡ್ ಖಾತೆಗಳಿಗೂ ಈ ವ್ಯವಸ್ಥೆ ಇದೆ, ಬಳಸೋರು ಕಡಿಮೆ. ಗೂಗಲ್‌ನಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ ಇದೆ. ಇಷ್ಟು ತಿಂಗಳು ನಾನು ಕಾಣದಿದ್ದರೆ ಇವರಿಗೆ ತಿಳಿಸಿ, ಇಷ್ಟನ್ನು ಕೊಡಿ ಅಂತ ಮೊದಲೇ ಬರೆದಿಡಬಹುದು. ಆ್ಯಪಲ್‌ನಲ್ಲಿ 2021ರ ಡಿಸೆಂಬರಿನಿಂದ ‘ಲೆಗಸಿ ಕಾಂಟ್ಯಾಕ್ಟ್’ ಇದೆ. ಇವು ಯಾಕೆ ಮುಖ್ಯ ಅಂದ್ರೆ, ಎರಡು ವರ್ಷ ಬಳಸದೇ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಹೋದವರ ಖಾತೆಯನ್ನು ಬಳಸೋರು ಯಾರು ಹೇಳಿ?

ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಡ್ರೈವ್ ಕೊಂಡಿರಲಿ, ಕೊಳ್ಳದೇ ಇರಲಿ, ಮನೆಯಲ್ಲಿ ಪ್ರತಿಯೊಬ್ಬರನ್ನೂ ಒಂದು ಮಾತು ಕೇಳಿ: ನಿನ್ನ ಫೋನಿನಲ್ಲಿ ಯಾವುದು ಹೋದರೆ ನಿನಗೆ ಸಂಕಟ ಆಗುತ್ತೆ? ಉತ್ತರಗಳು ನೀವು ಅಂದುಕೊಂಡಂತೆ ಇರೋದಿಲ್ಲ. ನನ್ನ ಗಂಡ ಕ್ಯಾಮೆರಾದ ಸಾವಿರಾರು ಫೋಟೊ ಬಿಟ್ಟು, ಕಾಲೇಜು ದಿನಗಳಲ್ಲಿ ಗೆಳೆಯರು ಕಳಿಸಿದ ಒಂದು ಮಸುಕು ವಿಡಿಯೊ ಹೆಸರು ಹೇಳಿದರು. ಐದು ವರ್ಷದ ಮಗಳು ನನ್ನ ಫೋನಿನಲ್ಲಿ ತಾನೇ ತೆಗೆದ, ಪಕ್ಕದ ಮನೆ ಬೆಕ್ಕಿನ ಬಾಲ ಮಾತ್ರ ಇರುವ ಫೋಟೊ ತೋರಿಸಿದಳು. ಅದೂ ಈಗ ಡಬ್ಬಿಯಲ್ಲಿದೆ, ಅವಳ ಹೆಸರಿನ ಫೋಲ್ಡರಿನಲ್ಲಿ. ಮೈಸೂರಿನಲ್ಲೂ ಒಂದು ಪ್ರತಿ ಇದೆ.

ಅಮ್ಮನ ಫೋನು ಈಗ ಅರ್ಧ ಖಾಲಿ. ಭಾನುವಾರ ಮಧ್ಯಾಹ್ನ ಡಿಲೀಟ್ ಮಾಡೋಕೆ ಕೂರೋ ಅಭ್ಯಾಸ ತಪ್ಪಿದೆ, ಆ ಹೊತ್ತಿಗೆ ಸಣ್ಣ ನಿದ್ದೆ ಮಾಡ್ತಾರೆ. ಕಳೆದ ತಿಂಗಳು ಒಬ್ಬರೇ ತಿಪಟೂರಿಗೆ ಹೋಗಿ ಬರುವಾಗ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದರು. ಎಂಟು ಸೆಕೆಂಡು. ಹಿಂದೆ ಹಾರ್ನು, ಕಂಡಕ್ಟರಿನ ಸೀಟಿ. “ಗುಬ್ಬಿ ದಾಟ್ತು ಕಣೆ, ಅನ್ನಕ್ಕಿಡು.”